ಡೈ ಕೆಟ್ಟಾಗ ಮಾತ್ರ ನೆನಪಾಗುವ ವಯಸ್ಸು

ಪೀಣ್ಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ, ಅಂದರೆ ತಗಡನ್ನು ಕತ್ತರಿಸಿ ಆಕಾರ ಕೊಡುವ ಡೈಗಳನ್ನು ತಯಾರಿಸುವ ವಿಭಾಗದಲ್ಲಿ, ಹತ್ತೊಂಬತ್ತು ವರ್ಷ ದುಡಿದ ಮೇಲೆ, 2023ರಲ್ಲಿ, ನನಗೆ ಐವತ್ತೊಂದು ತುಂಬಿದ ವರ್ಷವೇ ಆ ವಿಭಾಗವನ್ನು ಮುಚ್ಚಿ ಡೈಗಳನ್ನೆಲ್ಲ ಹೊರಗೆ ಮಾಡಿಸುವ ತೀರ್ಮಾನವಾಯಿತು. ಲೆಕ್ಕ ಚುಕ್ತಾ ಮಾಡುವಾಗ ಗ್ರಾಚ್ಯುಟಿಯಲ್ಲಿ ಒಂದು ರೂಪಾಯಿಯನ್ನೂ ಹಿಡಿಯಲಿಲ್ಲವಾದ್ದರಿಂದ ಆ ಮಾಲೀಕರ ಮೇಲೆ ನನ್ನ ದೂರಿಲ್ಲ. ನನ್ನ ತಕರಾರಿರುವುದು ಆಮೇಲಿನ ಹದಿನಾಲ್ಕು ತಿಂಗಳ ಬಗ್ಗೆ.

ರಾಜಾಜಿನಗರದ ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಕೇಂದ್ರದಲ್ಲಿ ನಾಲ್ಕು ವರ್ಷ ಟೂಲ್ ಅಂಡ್ ಡೈ ಮೇಕಿಂಗ್ ಕಲಿತು ಹೊರಬಂದಾಗ ಕೆಲಸ ಹುಡುಕುವುದೆಂದರೆ ಪೀಣ್ಯದ ಗೇಟುಗಳ ಮೇಲೆ ತೂಗುಹಾಕಿದ ‘ಬೇಕಾಗಿದ್ದಾರೆ’ ಬೋರ್ಡುಗಳನ್ನು ಓದುತ್ತಾ ನಡೆಯುವುದಾಗಿತ್ತು. ಬೋರ್ಡುಗಳು ಈಗಲೂ ಇವೆ, ಆದರೆ ಅವು ಹೆಲ್ಪರ್‌ಗಳಿಗೆ. ನನ್ನಂಥವರ ಅರ್ಜಿ ಹೋಗುವುದು ಜಾಲತಾಣದ ನಮೂನೆಯೊಂದರ ಮೂಲಕ, ಅದರಲ್ಲಿ ಜನ್ಮದಿನಾಂಕ ತುಂಬದೆ ಮುಂದಿನ ಪುಟ ತೆರೆಯುವುದೇ ಇಲ್ಲ. ಕಳಿಸಿದ ಅರವತ್ತಕ್ಕೂ ಹೆಚ್ಚು ಅರ್ಜಿಗಳಲ್ಲಿ ನನ್ನನ್ನು ಕರೆದು ಮಾತನಾಡಿಸಿದವರು ಐದು ಮಂದಿ.

ಆ ಐವರಲ್ಲಿ ಮೂವರು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದರು: ‘ಸರ್, ಈ ಹುದ್ದೆಗೆ ನಿಮ್ಮ ಅನುಭವ ಜಾಸ್ತಿಯಾಯಿತು.’ ಹಿಂದಿನ ಸಂಬಳದ ಮುಕ್ಕಾಲು ಭಾಗಕ್ಕೂ ಒಪ್ಪುತ್ತೇನೆಂದರೆ, ಇಷ್ಟು ಕಡಿಮೆಗೆ ಬಂದವರು ನಿಲ್ಲುವುದಿಲ್ಲವೆಂಬ ಅನುಮಾನ. ಮಗಳ ಓದು ಮುಗಿಯದ, ಮನೆಸಾಲ ತೀರದ ಐವತ್ತೊಂದರ ಮನುಷ್ಯ ಬಿಟ್ಟು ಎಲ್ಲಿಗೆ ಹೋದಾನು ಎಂದು ಅವರು ಒಂದು ಗಳಿಗೆಯೂ ಯೋಚಿಸಿದಂತಿರಲಿಲ್ಲ. ಎರಡು ಸಾವಿರ ಜಾಸ್ತಿ ಸಿಕ್ಕರೆ ಪಕ್ಕದ ಶೆಡ್ಡಿಗೆ ಜಿಗಿಯುವ ಹುಡುಗರ ಬಗ್ಗೆ ಮಾತ್ರ ಈ ಅನುಮಾನ ಯಾರಿಗೂ ಬರುವುದಿಲ್ಲ.

ನಮ್ಮ ಕಡೆಯೂ ತಪ್ಪಿದೆ, ಮುಚ್ಚಿಡುವುದಿಲ್ಲ. ವೈರ್‌ಕಟ್, ವಿಎಂಸಿಯಂಥ ಕಂಪ್ಯೂಟರ್ ಚಾಲಿತ ಯಂತ್ರಗಳ ಪ್ರೋಗ್ರಾಂ ಬರೆಯುವುದನ್ನು ಹುಡುಗರಿಗೆ ಬಿಟ್ಟು, ‘ನಮ್ಮದೇನಿದ್ದರೂ ಫಿಟ್ಟಿಂಗು’ ಎಂದು ಜಂಬದಿಂದ ಕೂತವರಲ್ಲಿ ನಾನೂ ಒಬ್ಬ. ಕೆಲಸ ಹೋದ ಮೇಲೆ, ಮಗಳ ವಯಸ್ಸಿನವರ ನಡುವೆ ಕೂತು ಸಂಜೆ ತರಗತಿಯಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಕಲಿತೆ. ಕಲಿತದ್ದರಿಂದ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಯಿತೇ ಹೊರತು ಜನ್ಮದಿನಾಂಕ ಬದಲಾಗಲಿಲ್ಲ.

ಆ ಐದರಲ್ಲಿ ಒಂದು ಕಂಪನಿಯವರು ನನ್ನನ್ನು ಬೇಡವೆಂದ ಮೂರು ವಾರಕ್ಕೆ ಅಲ್ಲಿನ ಪ್ರೊಡಕ್ಷನ್ ಸೂಪರ್‌ವೈಸರ್ ಫೋನ್ ಮಾಡಿದರು. ಎರಡು ಮಿಲಿಮೀಟರ್ ತಗಡಿನಿಂದ ತುಂಡು ಕತ್ತರಿಸುವ ಬ್ಲ್ಯಾಂಕಿಂಗ್‌ನಲ್ಲಿ ಅಂಚಿಗೆ ಬರ್ (ಚೂಪು ಸಿಬಿರು) ಬರುತ್ತಿದೆ, ತಗಡನ್ನು ಒತ್ತಿ ಕತ್ತರಿಸುವ ಪಂಚನ್ನು ಎರಡು ಸಲ ಗ್ರೈಂಡ್ ಮಾಡಿಸಿದರೂ ಹೋಗುತ್ತಿಲ್ಲ, ಒಮ್ಮೆ ಬಂದು ನೋಡುತ್ತೀರಾ ಎಂದರು. ಹೋದೆ. ತುಂಡೊಂದನ್ನು ಎತ್ತಿ ಅಂಚಿನ ಸುತ್ತ ಹೆಬ್ಬೆರಳಾಡಿಸಿದರೆ ಬರ್ ಇದ್ದದ್ದು ಒಂದೇ ಬದಿಯಲ್ಲಿ. ಪಂಚು ಮೊಂಡಾಗಿದ್ದರೆ ಅದು ಸುತ್ತಲೂ ಇರಬೇಕಿತ್ತು. ಒಂದೇ ಕಡೆ ಇದೆಯೆಂದರೆ ಪಂಚು ನಡುವಿನಿಂದ ಸರಿದಿದೆ, ಪಂಚಿಗೂ ಡೈಗೂ ನಡುವಿನ ಸಂದು, ಅಂದರೆ ಕ್ಲಿಯರೆನ್ಸ್, ಒಂದು ಬದಿಯಲ್ಲಿ ಇನ್ನೊಂದಕ್ಕಿಂತ ಹೆಚ್ಚಾಗಿದೆ. ಡೈಯ ಮೇಲಿನ ಭಾಗವನ್ನು ನೇರವಾಗಿ ಇಳಿಸುವ ಗೈಡ್ ಪಿಲ್ಲರಿನ ಬುಷ್ ಸವೆದು, ಆ ಭಾಗ ಅಲ್ಲಾಡುತ್ತಿತ್ತು. ಬುಷ್ ಬದಲಿಸಿ, ಪಂಚನ್ನು ಮತ್ತೆ ನಡುವಿಗೆ ಕೂರಿಸಿ, ಮೂರು ಗಂಟೆಯೊಳಗೆ ಪ್ರೆಸ್ಸು ಚಾಲೂ ಆಯಿತು. ಕ್ಯಾಂಟೀನಿನಲ್ಲಿ ಊಟ ಹಾಕಿಸಿ, ‘ನಿಮ್ಮಂಥವರು ಈಗ ಸಿಗುವುದಿಲ್ಲ ಸರ್’ ಎಂದು ಕಳಿಸಿಕೊಟ್ಟರು. ನಾನು ಸಿಕ್ಕಿದ್ದೆನಲ್ಲ, ಮೂರು ವಾರದ ಹಿಂದೆ ಅದೇ ಕಟ್ಟಡದ ಮಹಡಿಯ ಮೇಲೆ?

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಚ್‌ಎಂಟಿಯಿಂದ ಸ್ವಯಂನಿವೃತ್ತಿ ಪಡೆದು ಬಂದ ಹಿರಿಯರೊಬ್ಬರನ್ನು ನಮ್ಮ ಮಾಲೀಕರೇ ಸಂದರ್ಶನ ಮಾಡಿದ್ದರು. ಸಂದರ್ಶನವೆಂದರೆ ಕೈಗೆ ಅರವೊಂದನ್ನೂ ಕಬ್ಬಿಣದ ತುಂಡೊಂದನ್ನೂ ಕೊಟ್ಟು, ಅವರು ಉಜ್ಜಿದ ಮುಖದ ಮೇಲೆ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡಿದ್ದು. ಮಧ್ಯಾಹ್ನದಿಂದಲೇ ಅವರು ನಮ್ಮವರಾದರು. ಮಾಲೀಕರಿಗೆ ಕೆಲಸ ಗೊತ್ತಿತ್ತು, ಈಗ ಆರಿಸುವವರಿಗೆ ಗೊತ್ತಿರುವುದು ನಮೂನೆ ಮಾತ್ರ. ಡೈ ಕೆಟ್ಟರೆ ನಷ್ಟವಾಗುವುದು ಕೆಳಗಿನ ಶಾಪಿಗೆ, ಆಯ್ಕೆ ನಡೆಯುವುದು ಮೇಲಿನ ಮಹಡಿಯಲ್ಲಿ.

ಕಾನೂನಿನ ಆಸರೆಯೂ ನನ್ನ ವಯಸ್ಸಿಗೆ ತೆಳುವೇ. ಅಮೆರಿಕದಲ್ಲಿ ನಲವತ್ತು ದಾಟಿದವರಿಗೆ ಉದ್ಯೋಗದಲ್ಲಿ ವಯೋಭೇದ ಮಾಡಬಾರದೆಂಬ ಕಾಯ್ದೆ 1967ರಿಂದಲೇ ಇದೆ, ನಮ್ಮ ಖಾಸಗಿ ವಲಯಕ್ಕೆ ಅಂಥದ್ದಿಲ್ಲ. ಪಿಎಫ್‌ನ ಪೂರ್ತಿ ಪಿಂಚಣಿ 58ಕ್ಕೆ. ಐವತ್ತಾದ ಮೇಲೆ ಬೇಗ ಬೇಕೆಂದರೆ 58ಕ್ಕೆ ಕಡಿಮೆ ಬೀಳುವ ಪ್ರತಿ ವರ್ಷಕ್ಕೆ ಶೇ 4ರಂತೆ ಕಡಿತ, ಅದೂ ಜೀವನಪೂರ್ತಿ. ಹಿರಿಯರ ಮರುಉದ್ಯೋಗಕ್ಕೆಂದು ಕೇಂದ್ರ ಸರ್ಕಾರ 2021ರಲ್ಲಿ ತೆರೆದ ಪೋರ್ಟಲ್ ಅರವತ್ತು ದಾಟಿದವರಿಗೆ. ಹಿರಿಯನೆನಿಸಿಕೊಳ್ಳಲು ನಾನಿನ್ನೂ ಕಾಯಬೇಕು, ಕಿರಿಯನೆಂದು ಯಾರೂ ಒಪ್ಪುವುದಿಲ್ಲ.

ಈಗ ದಾಸರಹಳ್ಳಿಯ ಬಳಿ ಗೆಳೆಯನ ಸಣ್ಣ ಶೆಡ್ಡಿನಲ್ಲಿ ಜಾಬ್ ವರ್ಕ್ ಮಾಡುತ್ತಿದ್ದೇನೆ. ಕೆಲಸವಿದೆ, ತಿಂಗಳ ಸಂಬಳವಿಲ್ಲ. ಹೋದ ವಾರ ಅದೇ ಸೂಪರ್‌ವೈಸರ್ ಮತ್ತೆ ಫೋನ್ ಮಾಡಿದರು, ಈ ಸಲ ತಗಡನ್ನು ಬಟ್ಟಲಿನಂತೆ ಎಳೆಯುವ ಡ್ರಾ ಡೈಯಲ್ಲಿ ಅದು ಹರಿದುಹೋಗುತ್ತಿದೆಯಂತೆ. ಬಂದು ಹೋದರೆ ಮೂರು ಸಾವಿರ, ಬಿಲ್ ಕೊಡುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಸರ್ ಎಂದರು.