ನಡುನೀರಿಗೆ ಹೋಗಿ ದಡಕ್ಕೆ ಗಾಳ

ಕೊಡಗಿನಲ್ಲಿ ಈಗ ಕೆರೆ ದಡದಲ್ಲಿ ಕೂತು ಗಾಳ ಹಾಕುವವರಿಗೆ ಮರ್ಯಾದೆ ಇಲ್ಲ. ಅದು ಕೆಲಸ ಇಲ್ಲದವರ ಕೆಲಸ. ಬರ್ಮುಡಾ ಹಾಕಿ, ಕಪ್ಪು ಕನ್ನಡಕ ಏರಿಸಿ, ಪುಟ್ಟ ದೋಣಿಯಲ್ಲಿ ಓಲಾಡುತ್ತಾ ನಿಂತು ಬೀಸಿದರೆ ಮಾತ್ರ ಆಂಗ್ಲಿಂಗ್. ಹೋಂಸ್ಟೇ ಬೋರ್ಡುಗಳಲ್ಲಿ ಕ್ಯಾಂಪ್‌ಫೈರ್, ಪಂದಿಕರಿಯ ಕೆಳಗೆ ಹೊಸ ಸಾಲು ಸೇರಿದೆ: ‘ಬಾಸ್ ಫಿಶಿಂಗ್, ಬೋಟ್ ಸಹಿತ’.

ಬಾಸ್ ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಈ ದೊಡ್ಡ ಬಾಯಿ ಮೀನಿನ ತವರು ಉತ್ತರ ಅಮೆರಿಕ. ನಮ್ಮ ಕೆರೆಗಳಲ್ಲಿ ಇರೋದು ಕಾಟ್ಲಾ, ರೋಹು, ಜಿಲೇಬಿ, ಜೊಂಡಿನ ಬುಡದಲ್ಲಿ ಒಂದಿಷ್ಟು ಕೊರವ. ಆದರೆ ರಾತ್ರಿಯಿಡೀ ಅಮೆರಿಕದ ಫಿಶಿಂಗ್ ವಿಡಿಯೊ ನೋಡಿದವರಿಗೆ ಮೀನಿನ ಚಿಂತೆ ಇಲ್ಲ. ಮೊದಲು ದೋಣಿ ಬರಲಿ, ಮೀನು ಆಮೇಲೆ ನೋಡೋಣ.

ಅಮೆರಿಕದಲ್ಲಿ ದೋಣಿಗೆ ಅರ್ಥ ಇದೆ, ಇಲ್ಲ ಅನ್ನಲ್ಲ. ಕಣ್ಣು ಹಾಯಿಸಿದಷ್ಟೂ ನೀರು. ದಡ ಯಾರದ್ದೋ ಆಸ್ತಿ, ಇಲ್ಲವೇ ಕಾಲಿಡಲಾಗದ ಪೊದೆ. ಬಾಸ್ ಹೊಂಚು ಹಾಕೋದು ಮುಳುಗಿದ ಮರದ ಬೊಡ್ಡೆ ಪಕ್ಕ, ಜೊಂಡಿನ ಅಂಚಲ್ಲಿ. ಮೊಟ್ಟೆ ಇಡುವ ವಸಂತದಲ್ಲಿ ದಡದ ಹತ್ತಿರ ಬರುತ್ತದೆ, ಬಿಸಿಲೇರಿದರೆ ಆಳಕ್ಕೆ ಇಳಿಯುತ್ತದೆ. ಅದರ ಬೆನ್ನು ಹತ್ತೋಕೆ ಚಪ್ಪಟೆ ತಳದ ದೋಣಿ, ಸದ್ದು ಮಾಡದ ಬ್ಯಾಟರಿ ಮೋಟಾರು, ನೀರಿನಡಿ ತೋರಿಸುವ ಸೋನಾರ್.

ಈಗ ಸುಂಟಿಕೊಪ್ಪದ ಕಡೆಯ ಒಂದು ತೋಟಕ್ಕೆ ಬನ್ನಿ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ತೋಡಿಸಿದ ಕೆರೆ. ಈ ದಡದಿಂದ ಕಲ್ಲು ಬೀಸಿದರೆ ಆ ದಡದ ಸಿಲ್ವರ್ ಓಕ್‌ಗೆ ತಾಗುತ್ತದೆ. ನಡುವೆ ದೋಣಿ, ದೋಣಿಯಲ್ಲಿ ಸಾವ್ಕಾರ್ರು, ಅವರ ಮುಂದೆ ಸೋನಾರ್ ಪರದೆ. ಹಿಂದೆ ಲೈಫ್ ಜಾಕೆಟ್ ಹಾಕಿಕೊಂಡು, ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತ, ತೋಟದ ಲೆಕ್ಕ ಬರೆಯುವ ರೈಟರು.

‘ಹದಿನೆಂಟು ಅಡಿ ತೋರಿಸ್ತಿದೆ ಕಣಯ್ಯಾ!’

‘ಹೌದು ಸಾವ್ಕಾರ್ರೆ. ಜೆಸಿಬಿ ಹತ್ರ ನಿಂತು ನಾನೇ ತೋಡಿಸಿದ್ದಲ್ವಾ?’

‘ಅಡಿಯಲ್ಲಿ ಏನೋ ಉದ್ದಕ್ಕೆ ಬಿದ್ದಿದೆ. ಮರ ಇರಬೇಕು. ಮೀನು ಅಲ್ಲೇ ಅಡಗಿರುತ್ತೆ.’

‘ಅದು ನಮ್ಮ ಹಳೇ ಪಂಪಿನ ಪೈಪು.’

ಸೋನಾರ್ ಆಫ್ ಆಯಿತು.

ಇನ್ನು ಗಾಳ ಬೀಸುವ ಚೆಂದ. ದಡದಲ್ಲಿ ನಿಂತಷ್ಟು ದಿನ ಇವರು ತೋಳು ನೋಯುವಂತೆ ನಡುನೀರಿಗೆ ಎಸೆಯುತ್ತಿದ್ದರು. ದೊಡ್ಡ ಮೀನೆಲ್ಲ ಅಲ್ಲೇ ಇದೆ ಅನ್ನುವ ನಂಬಿಕೆ. ಈಗ ಸಾಲ ಮಾಡಿ ದೋಣಿ ತಂದು ನಡುನೀರಿಗೆ ಹೋದರು. ಹೋಗಿ ತಿರುಗಿ ನಿಂತು ದಡಕ್ಕೆ ಎಸೆಯುತ್ತಿದ್ದಾರೆ! ವಿಡಿಯೊದಲ್ಲಿ ಹಾಗೇ ಮಾಡ್ತಾರಂತೆ. ಮೊನ್ನೆ ತನಕ ಇವರು ಸ್ಟೂಲ್ ಹಾಕಿ ಕೂರುತ್ತಿದ್ದ ಜಾಗಕ್ಕೇ ಗಾಳ ಬಂದು ಬೀಳುತ್ತಿದೆ. ಹುಡುಗನೊಬ್ಬ ಅಲ್ಲಿ ಬಿದಿರಿನ ಕೋಲು ಹಿಡಿದು ಕೂತಿದ್ದ. ‘ಮೀನು ಓಡಿಸ್ತೀಯಲ್ಲೋ, ಏಳೋ’ ಅಂತ ಬೈಸಿಕೊಂಡು ಎದ್ದು ಹೋದ. ಅವನ ಬಕೆಟ್‌ನಲ್ಲಿ ಎರಡು ಕೊರವ ಇದ್ದವು, ಅದು ಬೇರೆ ಮಾತು.

ಹುಳದ ಕಥೆ ಕೇಳಿ. ಸಗಣಿ ಗುಂಡಿ ಪಕ್ಕ ಗುದ್ದಲಿ ಹಾಕಿದರೆ ಬೊಗಸೆ ತುಂಬ ಎರೆಹುಳ ಸಿಗುವ ಊರಿದು. ಇವರು ತರಿಸೋದು ಪ್ಲಾಸ್ಟಿಕ್ ಹುಳ. ಮೆತ್ತಗೆ, ನೇರಳೆ ಬಣ್ಣ, ಮೈತುಂಬ ಮಿನುಗು. ಕಚ್ಚಿದ ಮೀನು ಉಗುಳಬಾರದು ಅಂತ ಅದಕ್ಕೆ ಉಪ್ಪು, ಬೆಳ್ಳುಳ್ಳಿ ವಾಸನೆ ಬೇರೆ ಸೇರಿಸಿರುತ್ತಾರೆ. ಪ್ಯಾಕೆಟ್ ಬಿಚ್ಚಿದರೆ ಯಾರ ಮನೆಯಲ್ಲೋ ಒಗ್ಗರಣೆ ಹಾಕಿದ ಹಾಗಿರುತ್ತದೆ. ಇಷ್ಟಾದರೂ ಕಾಟ್ಲಾ ಅದರ ಕಡೆ ತಿರುಗಿ ನೋಡಲ್ಲ. ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು ಅದು, ಪಾಪ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಈಗ ಕೆಲವರು ‘ಬಾಸ್ ಮರಿ ತರಿಸಿ ಹಾರಂಗಿಗೆ ಬಿಡೋಣ, ಟೂರಿಸಂ ಬೆಳೆಯುತ್ತೆ’ ಅನ್ನುತ್ತಿದ್ದಾರೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹಿಡಿದ ಹತ್ತು ಕೆಜಿ ಬಾಸ್‌ನ ದಾಖಲೆಯನ್ನು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸರಿಗಟ್ಟಿದರು ನೋಡಿ, ನಮಗೇನು ಕಡಿಮೆ ಅಂತ ವಾದ. ಆ ಜಪಾನ್ 1925ರಲ್ಲಿ ಬಾಸ್ ತಂದು ನೀರಿಗೆ ಬಿಟ್ಟಿತು. ಅದು ಸ್ಥಳೀಯ ಮೀನುಗಳನ್ನು ನುಂಗುತ್ತಾ ಹರಡಿತು. ಕೊನೆಗೆ 2005ರಲ್ಲಿ ಜೀವಂತ ಬಾಸ್ ಸಾಕಬಾರದು, ಸಾಗಿಸಬಾರದು ಅಂತ ಕಾನೂನೇ ತಂದರು. ಆ ಪುಟವನ್ನು ನಮ್ಮವರು ಸ್ಕ್ರೋಲ್ ಮಾಡಿಬಿಟ್ಟಿದ್ದಾರೆ. ಹಾರಂಗಿ ಹೋಗಿ ಸೇರುವ ನಮ್ಮ ಕಾವೇರಿಯ ಡುಬ್ಬದ ಬೆನ್ನಿನ ಮಹಶೀರ್ ಮೀನು ಈ ನದಿಯ ನೀರು ಬಿಟ್ಟರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲ. 2018ರಿಂದ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅದರ ಮರಿ ತಿನ್ನೋಕೆ ಒಬ್ಬರು ಬೇಕಿತ್ತು, ಈಗ ವಿಮಾನದಲ್ಲಿ ಕರೆಸುವ ಏರ್ಪಾಡು.

ಒಂದು ವಿಷಯ ಒಪ್ಪಬೇಕು. ಸಂಜೆ ಕೆರೆಗೆ ಆನೆ ಇಳಿದರೆ ದಡದಲ್ಲಿರುವವನು ಓಡಬೇಕು, ದೋಣಿಯಲ್ಲಿರುವವನು ಸೇಫು ಅಂತಾರೆ. ಆನೆ ಚೆನ್ನಾಗಿ ಈಜುತ್ತದೆ ಅನ್ನೋದು ಅಮೆರಿಕದ ವಿಡಿಯೊದಲ್ಲಿ ಬರಲ್ಲ.

ಮಾರ್ಚ್ ಹೊತ್ತಿಗೆ ಹೂವಿಗೆ ನೀರು ಹೊಡೆದು ಹೊಡೆದು ಕೆರೆ ಬತ್ತುತ್ತದೆ. ದೋಣಿ ಕೆಸರಲ್ಲಿ ಕೂರುತ್ತದೆ. ಆದರೂ ನಷ್ಟ ಇಲ್ಲ, ಪ್ರೀ-ವೆಡ್ಡಿಂಗ್ ಶೂಟ್‌ಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ವಧು ಕೊಡೆ ಹಿಡಿಯುತ್ತಾಳೆ, ವರ ರಾಡ್ ಹಿಡಿಯುತ್ತಾನೆ. ಕೆಸರು ಕಾಣದ ಹಾಗೆ ಫೋಟೊಗ್ರಾಫರ್ ಮೇಲಿಂದ ಕ್ಯಾಮೆರಾ ಇಡುತ್ತಾನೆ. ಕುಶಾಲನಗರದ ಮಾರ್ಕೆಟ್‌ನಿಂದ ತಂದ ರೋಹುವನ್ನು ಕೈ ಚಾಚಿ ಮುಂದಕ್ಕೆ ಹಿಡಿಯಬೇಕು, ಆಗ ದೊಡ್ಡದಾಗಿ ಕಾಣುತ್ತದೆ. ಶೂಟ್ ಮುಗಿದ ಮೇಲೆ ಆ ಮೀನು ಫ್ರೈ ಮಾಡಿಕೊಡುತ್ತಾರೆ. ಅದರ ಬಿಲ್ ಬೇರೆ.