ಟ್ರಂಕಿನೊಳಗಿನ ಗಂಟು

ನಾನು ಪ್ರೋಗ್ರಾಮರ್ ಅಲ್ಲ. ಬ್ಲಾಗಿನಲ್ಲಿ 2024 ಎಂದು ಬರೆದರೆ ಅದು ೨೦೨೪ ಆಗಿ ಕಾಣಲಿ ಅನ್ನೋ ಆಸೆಗೆ ನಾಲ್ಕು ಭಾನುವಾರ ಕೂತು ಬ್ಲಾಗ್ ನಡೆಸುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ಗೆ ಒಂದು ಪ್ಲಗಿನ್, ಅಂದರೆ ಅದಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಮ್, ಬರೆದೆ. ಮೊದಲ ದಿನ ಅದು ಫೋಟೋಗಳ ವಿಳಾಸದಲ್ಲಿದ್ದ ಅಂಕಿಗಳನ್ನೂ ಕನ್ನಡ ಮಾಡಿಬಿಟ್ಟಿತು. ಒಂದು ಚಿತ್ರವೂ ತೆರೆಯಲಿಲ್ಲ. ಕನ್ನಡಾಭಿಮಾನ ಜಾಸ್ತಿಯಾದರೂ ಕಷ್ಟ.

ಅದನ್ನು ಸರಿಮಾಡಿ, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ವರ್ಡ್‌ಪ್ರೆಸ್ ಪ್ಲಗಿನ್ ಡೈರೆಕ್ಟರಿಗೆ ಕಳಿಸಿದೆ. ಕಳಿಸೋದು ಸುಲಭ, ಜಿಪ್ ಮಾಡಿ ಅಪ್‌ಲೋಡ್ ಮಾಡಿದರಾಯ್ತು. ಅಲ್ಲಿ ಮನುಷ್ಯರೇ ಕೂತು ಕೋಡ್ ನೋಡುತ್ತಾರೆ. (ನನ್ನದನ್ನು ನೋಡಿದ ಪುಣ್ಯಾತ್ಮರು ಚೆನ್ನಾಗಿರಲಿ.) ಒಪ್ಪಿಗೆ ಬಂತು. ಮನೆಯಲ್ಲಿ ಕೇಸರಿಬಾತ್ ಆಯಿತು. ಅದನ್ನು ತಿನ್ನುತ್ತಾ ಮೇಲ್‌ನ ಉಳಿದರ್ಧ ಓದಿದೆ. ಇನ್ನು ಮುಂದಿನದೆಲ್ಲ ಎಸ್‌ವಿಎನ್ ಮೂಲಕ.

ಎಸ್‌ವಿಎನ್ ಅಂದರೆ ಸಬ್‌ವರ್ಷನ್. 2000ರಲ್ಲಿ ಶುರುವಾದ ಸಾಫ್ಟ್‌ವೇರ್. ಯಾರು, ಯಾವಾಗ, ಯಾವ ಸಾಲು ತಿದ್ದಿದರು ಅಂತ ಲೆಕ್ಕ ಇಡುತ್ತದೆ. ಅಂಥ ಲೆಕ್ಕ ನಾನೂ ಇಡುತ್ತಿದ್ದೆ: ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’, ‘ಮುಟ್ಟಬೇಡ’.

ಒಂದು ಸಂಜೆ ಪಾಸ್‌ವರ್ಡಿಗೇ ಹೋಯಿತು. ತಪ್ಪಿದ್ದದ್ದು ಪಾಸ್‌ವರ್ಡಲ್ಲ, ನನ್ನ ಹೆಸರು. ದೊಡ್ಡಕ್ಷರ ಹಾಕಬೇಕಾದ ಕಡೆ ಚಿಕ್ಕದು ಹಾಕಿದ್ದೆ.

ಒಳಗೆ ಹೋದರೆ ಟ್ಯಾಗ್ಸ್, ಅಸೆಟ್ಸ್, ಟ್ರಂಕ್ ಅಂತ ಫೋಲ್ಡರುಗಳು. ಟ್ರಂಕ್ ನೋಡಿ ಜೀವ ಬಂತು. ಅಜ್ಜಿಯ ಮಂಚದ ಕೆಳಗೂ ಒಂದಿತ್ತಲ್ವಾ! ರೇಷ್ಮೆ ಸೀರೆ, ಜಾತಕ, ನುಸಿಗುಳಿಗೆ ಎಲ್ಲ ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಅದರೊಳಗೆ ಇಡುತ್ತಿದ್ದರು. ನಾನೂ ಹಾಗೇ ಪ್ಲಗಿನ್ ಫೋಲ್ಡರನ್ನು ಇಡಿಯಾಗಿ ಟ್ರಂಕಿಗೆ ಹಾಕಿ ಮುಚ್ಚಿದೆ. ಡೌನ್‌ಲೋಡ್ ಮಾಡಿದರೆ ಪ್ಲಗಿನ್ ನಡೆಯಲೇ ಇಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ.

“ಮಾಮ, ಗಂಟು ಬಿಚ್ಚಿ ಹಾಕ್ಬೇಕು. ಫೈಲುಗಳು ನೇರ ಟ್ರಂಕಲ್ಲಿರ್ಬೇಕು. ಮತ್ತೆ ಅದು ತಗಡಿನ ಟ್ರಂಕ್ ಅಲ್ಲ, ಮರದ ಕಾಂಡ.”

ಬಿಚ್ಚಿ ಹಾಕಿದೆ. ತಿಂಗಳ ನಂತರ ಹೊಸ ಆವೃತ್ತಿ 1.1 ಬರೆದು ಟ್ರಂಕಿಗೆ ಸೇರಿಸಿ, ಗೆಳೆಯರಿಗೆಲ್ಲ “ಅಪ್‌ಡೇಟ್ ಮಾಡ್ಕೊಳ್ಳಿ” ಎಂದು ಡಂಗುರ ಹೊಡೆದೆ. ಯಾರಿಗೂ ಏನೂ ಬರಲಿಲ್ಲ. ರೀಡ್‌ಮಿ ಫೈಲಿನಲ್ಲಿ ‘ಸ್ಟೇಬಲ್ ಟ್ಯಾಗ್’ ಅನ್ನೋ ಒಂದು ಸಾಲು, ಜನರಿಗೆ ಯಾವ ಆವೃತ್ತಿ ಕೊಡಬೇಕು ಅಂತ ಹೇಳುವುದು, ಇನ್ನೂ 1.0 ಎಂದೇ ಕೂತಿತ್ತು. ಅಡುಗೆಮನೆಯಲ್ಲಿ ಪಾಯಸ ಆಗಿದೆ, ಬಡಿಸುವವರಿಗೆ ಯಾರೂ ಹೇಳಿಲ್ಲ. ಮುಖ್ಯ ಫೈಲಿನ ತಲೆಯಲ್ಲಿ, ಈ ರೀಡ್‌ಮಿಯಲ್ಲಿ, ಟ್ಯಾಗ್ಸ್ ಒಳಗೆ ಆ ಆವೃತ್ತಿಗೆಂದು ಇಡುವ ಫೋಲ್ಡರಿನ ಹೆಸರಲ್ಲಿ, ಹೀಗೆ ಮೂರು ಕಡೆ ಒಂದೇ ನಂಬರ್ ಇರಬೇಕು. ಒಂದೇ ಸಲ ಕೇಳಿ ಉಳಿದದ್ದನ್ನು ತಾನೇ ತುಂಬಿಕೊಳ್ಳುವ ಒಂದು ಬಟನ್ ಇದ್ದಿದ್ದರೆ! ಮೊದಲ ಸಲದ ಹಾಗೆ ಜಿಪ್ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ.

“ಅದಕ್ಕೂ ದಾರಿ ಇದೆ ಮಾಮ. ಗಿಟ್‌ಹಬ್ ಅಂತ ಕೋಡ್ ಇಡೋ ಸೈಟ್ ಇದೆ, ಅಲ್ಲಿಗೆ ಹಾಕಿದ್ರೆ ಅದೇ ಎಸ್‌ವಿಎನ್‌ಗೆ ಕಳಿಸೋ ಹಾಗೆ ಮಾಡ್ಬಹುದು.”

“ಭೇಷ್! ಏನು ಮಾಡ್ಬೇಕು?”

“ಮೊದ್ಲು ಗಿಟ್ ಅಂತ, ಎಸ್‌ವಿಎನ್ ಥರದ್ದೇ ಇನ್ನೊಂದು, ಅದನ್ನ ಕಲೀಬೇಕು.”

ಫೋನಿಟ್ಟು ಮೂರು ಕಡೆ ಕೈಯಿಂದಲೇ 1.1 ಬರೆದೆ. ಈಗ ನನ್ನ ಪ್ಲಗಿನ್ ಪುಟದಲ್ಲಿ ‘ಸಕ್ರಿಯ ಬಳಕೆ: 10ಕ್ಕಿಂತ ಕಡಿಮೆ’ ಅಂತ ಇದೆ. ಅದರಲ್ಲಿ ಎರಡು ನನ್ನವೇ ಬ್ಲಾಗುಗಳು. ಇನ್ನೊಂದು ಅಕ್ಕನ ಮಗನದು. ಅವನು ಇನ್ನೂ 1.0ರಲ್ಲೇ ಇದ್ದಾನೆ.