ಟರ್ನ್‌ನಲ್ಲಿ ಮೂವತ್ತೈದು ಇರುವುದಿಲ್ಲ

ಮೂಡಿಗೆರೆಯಲ್ಲಿ ಜುಲೈ ಮಳೆ ಹಿಡಿದರೆ ತೋಟದ ಕಡೆ ಕಾಲಿಡಲು ಆಗುವುದಿಲ್ಲ. ಕರೆಂಟೂ ಇರುವುದಿಲ್ಲ. ಆಗ ನಮ್ಮ ಮನೆ ಜಗಲಿಯಲ್ಲಿ ಪೋಕರ್ ಶುರುವಾಗುತ್ತದೆ. ದುಡ್ಡು ಇಡುವುದಿಲ್ಲ, ಕಾಫಿ ಬೀಜವೇ ನಮ್ಮ ಚಿಪ್ಸು. ಬೀಜದ ಆಟವಾದರೂ ನಾನು ಸುಮ್ನೆ ಆಡುವವನಲ್ಲ. ಅದಕ್ಕೇ ಮೊನ್ನೆ ಅಣ್ಣನ ಮಗ ಆಡಿದ ಒಂದು ಕೈ ಇನ್ನೂ ತಲೆಯಿಂದ ಹೋಗಿಲ್ಲ.

ಅವನ ಕೈಯಲ್ಲಿ ಆಟೀನಿನ 6 ಮತ್ತು 5. ಫ್ಲಾಪ್‌ನಲ್ಲಿ, ಅಂದರೆ ಇಬ್ಬರಿಗೂ ಸೇರಿ ನೆಲದ ಮೇಲೆ ಮೊದಲು ತೆರೆಯುವ ಮೂರು ಎಲೆಯಲ್ಲಿ, ಆಟೀನಿನ ರಾಜ, ಆಟೀನಿನ 9, ಕಳಾವರ್ 2. ನಡುವೆ ಗೆಲ್ಲಲು ಇಟ್ಟ ರಾಶಿಯಲ್ಲಿ, ಅಂದರೆ ಪಾಟ್‌ನಲ್ಲಿ, 100 ಬೀಜ, ಇಬ್ಬರ ಮುಂದೆಯೂ ತಲಾ 400. ಚಿಕ್ಕಮ್ಮ 50 ಇಟ್ಟರು, ಇವನೂ ಅಷ್ಟೇ ಇಟ್ಟು ಕಾಲ್ ಮಾಡಿದ. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆಯಲ್ಲಿ, ಏನೂ ಬರಲಿಲ್ಲ. ಚಿಕ್ಕಮ್ಮ 200 ಇಟ್ಟರು. ಇವನು ಯೋಚನೆಯನ್ನೇ ಮಾಡದೆ ಮತ್ತೆ ಕಾಲ್. ಕೇಳಿದರೆ, 'ಫ್ಲಶ್ ಡ್ರಾಗೆ 35 ಪರ್ಸೆಂಟ್ ಅಲ್ವಾ ಚಿಕ್ಕಪ್ಪ' ಅಂದ.

ತಪ್ಪು ಇರುವುದು ಇಲ್ಲೇ. ಒಂದೇ ಜಾತಿಯ ಐದು ಎಲೆ ಸೇರಿದರೆ ಫ್ಲಶ್, ನಾಲ್ಕು ಸಿಕ್ಕು ಐದನೆಯದಕ್ಕೆ ಕಾಯುವುದು ಫ್ಲಶ್ ಡ್ರಾ. 13 ಆಟೀನಿನಲ್ಲಿ ನಾಲ್ಕು ಕಣ್ಣ ಮುಂದಿವೆ, ಉಳಿದದ್ದು 9. ಟರ್ನ್, ಕೊನೆಯ ಐದನೇ ಎಲೆಯಾದ ರಿವರ್, ಎರಡೂ ನೋಡಲು ಸಿಕ್ಕರೆ ಮಾತ್ರ ಸುಮಾರು 35 ಪರ್ಸೆಂಟ್. ಟರ್ನ್ ಬಿದ್ದ ಮೇಲೆ ಬಾಕಿ ಇರುವುದು ಒಂದೇ ಎಲೆ. ಕಾಣದ 46 ಎಲೆಯಲ್ಲಿ 9, ಅಂದರೆ 20ಕ್ಕಿಂತ ಕಡಿಮೆ. 400 ಗೆಲ್ಲಲು 200 ಹಾಕುವವನಿಗೆ 33 ಬೇಕು, ಒಟ್ಟು 600ರಲ್ಲಿ ಅವನ ಪಾಲು 200 ತಾನೆ. ಫ್ಲಶ್ ಬಂದಾಗ ಎದುರಿನವರಿಂದ ಇನ್ನೂ ಜಾಸ್ತಿ ಕೀಳಬಹುದು ಅನ್ನುವ ವಾದ ನನಗೂ ಗೊತ್ತು. ಆದರೆ ಲೆಕ್ಕ ಸರಿಹೋಗಲು ರಿವರ್‌ನಲ್ಲಿ ಇನ್ನೂ 420ರಷ್ಟು ಬೀಜ ಸಿಗಬೇಕಿತ್ತು. ಚಿಕ್ಕಮ್ಮನ ಹತ್ತಿರ ಉಳಿದಿದ್ದದ್ದೇ 150.

ಫ್ಲಾಪ್‌ನಲ್ಲಿ 50 ಕೊಟ್ಟದ್ದು ತಪ್ಪಲ್ಲ. ಅಲ್ಲಿ ಬೇಕಿದ್ದದ್ದು 25, ಮುಂದಿನ ಎಲೆಗೆ ಇದ್ದದ್ದು 19. ಚಿಕ್ಕಮ್ಮನ ಹತ್ತಿರ ಆಗ ಇನ್ನೂ 350 ಬೀಜ ಇದ್ದದ್ದರಿಂದ ಆ ಕೊರತೆ ತುಂಬಬಹುದಿತ್ತು.

ನನ್ನನ್ನು ಕೇಳಿದರೆ ಫ್ಲಶ್ ಡ್ರಾದ ನಿಜವಾದ ಬಲ ಇರುವುದು ಕಾಲ್‌ನಲ್ಲಿ ಅಲ್ಲ, ಫ್ಲಾಪ್‌ನಲ್ಲೇ ನಾವು ಏರಿಸುವುದರಲ್ಲಿ. ಅದೇ ಕೈಯಲ್ಲಿ 400ನ್ನೂ ಒಟ್ಟಿಗೆ ದೂಡಿದ್ದರೆ ಎರಡೂ ಎಲೆ ಖಾತ್ರಿಯಾಗಿ ಸಿಗುತ್ತಿತ್ತು. ಆಗ 35 ನಿಜವಾಗಿಯೂ ನಮ್ಮದು. ಎದುರಿನವರು ನೂರಕ್ಕೆ 37 ಸಲ ಎಲೆ ಬಿಟ್ಟು ಪಾಟ್ ನಮಗೆ ಕೊಟ್ಟರೂ ಸಾಕು, ನಷ್ಟವಿಲ್ಲ. ಒಂದು ಜೋಡಿ ರಾಜ ಹಿಡಿದು ಹೆದರುವವರ ಎದುರು ನಾನು ಹೀಗೇ ಆಡುತ್ತೇನೆ. ಚಿಕ್ಕಮ್ಮನ ಎದುರು ಮಾತ್ರ ಎಂದೂ ಆಡುವುದಿಲ್ಲ, ಅವರು ಎಲೆ ಬಿಡುವುದೇ ಇಲ್ಲ. ಬಿಡದವರನ್ನು ಹೆದರಿಸಲು ಹೋಗಿ ನಾನು ಎಷ್ಟೋ ಬೀಜ ಕಳೆದಿದ್ದೇನೆ.

ಇನ್ನೊಂದು ಮಾತು. ಆಟೀನಿನ ಎಕ್ಕ ಕೈಯಲ್ಲಿರುವುದಕ್ಕೂ 6-5 ಇರುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಸಣ್ಣ ಫ್ಲಶ್ ಬಂದ ದಿನವೇ ಎದುರಿನವರ ದೊಡ್ಡ ಫ್ಲಶ್‌ಗೆ ಇದ್ದದ್ದೆಲ್ಲ ಹೋಗಬಹುದು. ಎಕ್ಕ ಇದ್ದರೆ ಆ ಭಯ ಇಲ್ಲ. ನೆಲದ ಮೇಲೆ ಜೋಡಿ ಬಿದ್ದರೆ ಮಾತ್ರ ಫ್ಲಶ್ಶನ್ನೂ ಸೋಲಿಸುವ ಫುಲ್ ಹೌಸಿನ (ಒಂದೇ ಅಂಕಿಯ ಮೂರು, ಇನ್ನೊಂದರ ಎರಡು ಎಲೆ) ಭಯ ಎಕ್ಕದವನಿಗೂ 6-5ರವನಿಗೂ ಒಂದೇ.

ಇಷ್ಟನ್ನೂ ಅವತ್ತು ರಾತ್ರಿ ಸೀಮೆಎಣ್ಣೆ ದೀಪದ ಮುಂದೆ ಹುಡುಗನಿಗೆ ಹೇಳಿದೆ. ಅವನು ಹಳೇ ಕ್ಯಾಲೆಂಡರ್ ಹಿಂದೆ ಲೆಕ್ಕ ಬರೆದುಕೊಂಡ. ಮಾರನೇ ದಿನ ಅವನಿಗೆ ಮತ್ತೆ ಆಟೀನಿನದೇ ಫ್ಲಶ್ ಡ್ರಾ ಬಂತು. ಟರ್ನ್‌ನಲ್ಲಿ ಚಿಕ್ಕಮ್ಮ ಪಾಟ್‌ನಷ್ಟೇ ಇಟ್ಟರು. 'ಬೇಕಾದದ್ದು 33, ಇರುವುದು 20' ಅಂತ ಬಾಯಿಬಿಟ್ಟು ಹೇಳಿ ಎಲೆ ಬಿಟ್ಟ. ರಿವರ್ ತೋರಿಸಿ ಅಂತ ಕೇಳಿದ, ತೆಗೆದು ತೋರಿಸಿದೆ. ಆಟೀನಿನ 3.

ಅವನ ಮುಖ ಸಣ್ಣಗಾಯಿತು. 'ಸರಿಯಾಗೇ ಬಿಟ್ಟೆ ಕಣೋ' ಅಂದೆ, ಎಲೆ ಕಲೆಸಿ ಅವನ ಕೈಗೇ ಕೊಟ್ಟೆ.